ಲೇತ್ ಮುಂದೆ ನಿಂತವರ ಖಾತೆಯಲ್ಲಿ ಸೊನ್ನೆ

ನಮ್ಮ ದೇಶದಲ್ಲಿ ಅನುಭವಕ್ಕೆ ಬೆಲೆಯಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಗಂಟೆ ಲೆಕ್ಕದಲ್ಲಿ ಬೆಲೆ ಕಟ್ಟಿಟ್ಟಿದ್ದಾರೆ. ಕಲಿತದ್ದನ್ನು ಕ್ರೆಡಿಟ್ ಅನ್ನೋ ಅಂಕದಲ್ಲಿ ಲೆಕ್ಕ ಹಾಕುವ, 2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ತೆಗೆದು ನೋಡಿ. 30 ಗಂಟೆ ಕಲಿತರೆ 1 ಕ್ರೆಡಿಟ್. 1200 ಗಂಟೆಗೆ 40 ಕ್ರೆಡಿಟ್, ಅಂದರೆ ಒಂದು ವರ್ಷದ ಓದು. ಕ್ಲಾಸಿನಲ್ಲೇ ಕೂತು ಕಲಿಯಬೇಕು ಅಂತೇನಿಲ್ಲ, ಕಾರ್ಖಾನೆಯಲ್ಲಿ ಕಲಿತದ್ದೂ ನಡೆಯುತ್ತದೆ. 7 ವರ್ಷಕ್ಕಿಂತ ಜಾಸ್ತಿ ಅನುಭವ ಇದ್ದರೆ ಅದಕ್ಕೆ ಎರಡು ಪಟ್ಟು ತೂಕ. ಬಂದ ಕ್ರೆಡಿಟ್ ಕೂಡಿಡೋಕೆ 2021ರಿಂದ ಒಂದು ಬ್ಯಾಂಕೂ ಇದೆ!

ಸುಮ್ನೆ ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡೊಂದರಲ್ಲಿ ನನಗೆ ಗೊತ್ತಿರುವ ಟರ್ನರ್, ಅಂದರೆ ಲೇತ್ ಯಂತ್ರದಲ್ಲಿ ಲೋಹ ಕಡೆಯುವವರು, ಒಬ್ಬರಿದ್ದಾರೆ. ಐಟಿಐ, ಆಮೇಲೆ ಅಪ್ರೆಂಟಿಸ್, ಆಮೇಲೆ 20 ವರ್ಷ ಅದೇ ಲೇತ್. ಟೂಲ್ ಮೊಂಡಾಗಿದ್ದನ್ನು ಸದ್ದಿನಲ್ಲೇ ಹೇಳುತ್ತಾರೆ, ಚಿಪ್ಸ್ ನೀಲಿಗೆ ತಿರುಗುವ ಮೊದಲೇ ಸ್ಪೀಡ್ ಇಳಿಸಿರುತ್ತಾರೆ. ದಿನಕ್ಕೆ ಎಂಟು ಗಂಟೆ ಅಂದರೆ 150 ದಿನಕ್ಕೆ ಒಂದು ವರ್ಷದ ಓದು ಮುಗಿಯಿತು. ವರ್ಷಕ್ಕೆ 300 ದಿನದ ಕೆಲಸದಲ್ಲಿ, 20 ವರ್ಷಕ್ಕೆ 40 ವರ್ಷದ ಓದು. ಎರಡು ಪಟ್ಟು ತೂಕ ಸೇರಿಸಿದರೆ ನಮ್ಮಣ್ಣ ಡಿಗ್ರಿ, ಪಿಎಚ್‌ಡಿ ಎಲ್ಲ ಮುಗಿಸಿ, ಕುಲಪತಿಯೂ ಆಗಿ, ಈಗ ಪಿಂಚಣಿ ತಗೊಂಡು ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್ ಮಾಡಬೇಕಿತ್ತು.

ಹಾಗೆಲ್ಲ ಗಂಟೆ ಎಣಿಸಿ ಕೊಡೋಕಾಗಲ್ಲ, ಕಲಿತದ್ದನ್ನು ಅಳೆದು ನೋಡಿ ಆಮೇಲೆ ಕ್ರೆಡಿಟ್ ಅಂತಲೂ ಬರೆದಿದ್ದಾರೆ. ನ್ಯಾಯವೇ. ಅಳೆಯುವವರು ಯಾರು ಅಂತ ಕೇಳಿ ನೋಡಿ, ಎಲ್ಲರೂ ಫ್ಯಾನ್ ಕಡೆ ನೋಡುತ್ತಾರೆ.

ನಮ್ಮಣ್ಣ ಒಂದು ಕಾಲೇಜಿಗೆ ಹೋಗಿ ಕೇಳಿಯೂ ಬಂದರು. ಯಾವುದು ಅಂತ ಬೇಡ ಬಿಡಿ.

"ಪಿಯುಸಿ ಮಾರ್ಕ್ಸ್ ಕಾರ್ಡ್ ಎಲ್ರೀ?"

"ಐಟಿಐ ಆಗಿದೆ ಸಾರ್. ಎಕ್ಸ್‌ಪೀರಿಯೆನ್ಸ್ ಸರ್ಟಿಫಿಕೇಟೂ ಇದೆ, 20 ವರ್ಷದ್ದು."

"ಅದು ಕೆಲಸಕ್ಕಾಯ್ತು. ಇದು ಓದು."

"ಕೆಲಸದಲ್ಲಿ ಕಲಿತದ್ದನ್ನೂ ತಗೋತಾರೆ ಅಂತ ಹೇಳಿದ್ರು..."

"ನಾನೇನ್ ಬೇಡ ಅಂದ್ನಾ? ಕಂಪ್ಯೂಟರ್ ತಗೊಳಲ್ಲ. ಪಿಯುಸಿ ರಿಜಿಸ್ಟರ್ ನಂಬರ್ ಜಾಗದಲ್ಲಿ ಸ್ಟಾರ್ ಇದೆ ನೋಡಿ, ತುಂಬದೆ ಮುಂದಕ್ಕೇ ಹೋಗಲ್ಲ."

ಹಳೇ ಏಣಿಯೂ ಒಂದಿದೆ, ಇಲ್ಲ ಅನ್ನಬಾರದು. ಐಟಿಐ ಆದವರು ಡಿಪ್ಲೊಮಾ ಎರಡನೇ ವರ್ಷಕ್ಕೆ ನೇರ ಸೇರಬಹುದು, ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದರೆ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ. ಆದರೆ ಮಾಮೂಲಿ ಡಿಪ್ಲೊಮಾ ಕ್ಲಾಸ್ ನಡೆಯೋದು ಹಗಲು ಹೊತ್ತು, ಲೇತ್ ಓಡೋದೂ ಹಗಲು ಹೊತ್ತು. ಹಾಜರಾತಿ ಬೇರೆ ಬೇಕು. ಅಂದರೆ ಕೆಲಸ ಮಾಡುತ್ತಾ ಕಲಿತವರು ಮೇಲೆ ಓದಬೇಕಾದರೆ ಮೊದಲು ಆ ಕೆಲಸ ಬಿಡಬೇಕು, ಮನೆ ಬಾಡಿಗೆ ನಿಲ್ಲಿಸಬೇಕು, ಮಕ್ಕಳ ಸ್ಕೂಲ್ ಫೀಸಿಗೆ ಎರಡು ವರ್ಷ ರಜೆ ಕೇಳಬೇಕು. ಆ ಕ್ರೆಡಿಟ್ ಬ್ಯಾಂಕಿನ ಖಾತೆ ಮಾತ್ರ ಮೊಬೈಲಿನಲ್ಲೇ ಓಪನ್ ಆಯಿತು. ಬ್ಯಾಲೆನ್ಸ್ ಸೊನ್ನೆ.

ತಮಾಷೆ ಇನ್ನೂ ಮುಗಿದಿಲ್ಲ. ಅದೇ ಕಾಲೇಜಿನಿಂದ ಎಂಜಿನಿಯರಿಂಗ್ ಹುಡುಗರು ಅದೇ ಶೆಡ್ಡಿಗೆ ಇಂಟರ್ನ್‌ಶಿಪ್‌ಗೆ ಬಂದರು. ಮೊದಲ ದಿನವೇ ಒಬ್ಬ ಲೇತಿನ ಚಕ್ಕನ್ನು, ಅಂದರೆ ತಿರುಗುವ ಹಿಡಿಯನ್ನು, ಬಿಗಿಯುವ ಕೀಯನ್ನು ಅದರಲ್ಲೇ ಬಿಟ್ಟು ಸ್ವಿಚ್ಚಿಗೆ ಕೈ ಹಾಕಿದ್ದ. ನಮ್ಮಣ್ಣ ಅವನ ಕೈ ಹಿಡಿದು ಎಳೆಯದಿದ್ದರೆ ಆ ಕೀ ಹಾರಿ ಯಾರ ಹಣೆಗೆ ಬಡಿಯುತ್ತಿತ್ತೋ. ಆಮೇಲೆ ಕಡೆಯುವ ತುಂಡನ್ನು ಚಕ್ಕಿಗೆ ಕಟ್ಟೋದು, ಸೆಂಟರ್ ನೋಡೋದು, ಮೈಕ್ರೋಮೀಟರನ್ನು ಬೋಲ್ಟ್ ಥರ ಬಿಗಿಯದೆ ಹಿಡಿಯೋದು, ಎಲ್ಲ ಅವರೇ ಹೇಳಿಕೊಟ್ಟರು. ನಾಲ್ಕು ವಾರಕ್ಕೆ ಹುಡುಗರ ಖಾತೆಗೆ ಕ್ರೆಡಿಟ್ ಬಿತ್ತು. ಕಲಿತವರಿಗೆ ಸಿಕ್ಕಿತು, ಸಂತೋಷ. ಕಲಿಸಿದವರಿಗೆ? ಅವರಿನ್ನೂ ಅರ್ಹರಲ್ಲ.

ಸರ್ಟಿಫಿಕೇಟಿಗೆ ತರಬೇತುದಾರರ ಸಹಿ ಬೇಕಿತ್ತು. ಸಹಿ ಮಾಡುವವರು ಕಡ್ಡಾಯವಾಗಿ ಪದವೀಧರರಾಗಿರಬೇಕು ಅಂತ ಕಾಲೇಜಿನ ಫಾರ್ಮಿನಲ್ಲೇ ಅಚ್ಚಾಗಿತ್ತು. ಹಾಗಾಗಿ ಫಾರ್ಮು ಮಹಡಿ ಮೇಲಿನ ರೂಮಿಗೆ, ಮಾಲೀಕರ ಬಿಬಿಎ ಮಾಡಿರುವ ಅಳಿಯನ ಟೇಬಲ್ಲಿಗೆ ಹೋಯಿತು. ಅವರು ಪೆನ್ ತೆಗೆದರು, ಒಂದು ಕಾಲಂ ಹತ್ತಿರ ನಿಂತರು, ಕಿಟಕಿಯಿಂದ ಕೆಳಗೆ ಬಗ್ಗಿ ಕೂಗಿದರು:

"ಅಣ್ಣಾ, ಈ ಹುಡುಗ್ರು ಏನೇನ್ ಕಲಿತ್ರು ಅಂತ ಒಂದೆರಡು ಲೈನ್ ಹೇಳಿ, ಬರ್ಕೋತೀನಿ!"