ಮೂರು ಕ್ಯಾಂಡಲ್, ಅರ್ಧ ಮೀಸೆ

ಆರನೇ ಕ್ಲಾಸಿನ ಮಗಳು ಸ್ಕೂಲಿಂದ ಸೈನ್ಸ್ ಪ್ರಾಜೆಕ್ಟ್ ತಂದಿದ್ಲು. ಕ್ಯಾಂಡಲ್ ಬಣ್ಣ ಬೇರೆ ಆದ್ರೆ ಉರಿಯೋ ಸ್ಪೀಡೂ ಬೇರೆ ಆಗುತ್ತಾ ಅಂತ. ನಾನು ಪೇಪರಿಂದ ತಲೆ ಎತ್ತದೇನೇ ಹೇಳ್ದೆ, "ಆಗೇ ಆಗುತ್ತೆ ಪುಟ್ಟಿ, ಕಪ್ಪು ಶರ್ಟ್ ಹಾಕ್ಕೊಂಡು ಬಿಸಿಲಿಗೆ ಹೋದ್ರೆ ಬೆನ್ನು ಸುಡಲ್ವಾ, ಹಂಗೇ ಗಾಢ ಬಣ್ಣದ್ದು ಬೇಗ ಕರಗುತ್ತೆ, ಬರ್ಕೋ." ಅವಳು ಬರ್ಕೊಳ್ಳಲಿಲ್ಲ. "ಮಾಡಿ ತೋರಿಸ್ಬೇಕಂತೆ ಅಪ್ಪ" ಅಂದ್ಲು. ನಮ್ಮ ಕಾಲದಲ್ಲಿ ಇಂಥ ಕಾಟ ಇರ್ಲಿಲ್ಲ, ಮೇಷ್ಟ್ರು ಹೇಳಿದ್ದೇ ಪ್ರಯೋಗ, ಬರೆದಿದ್ದೇ ಫಲಿತಾಂಶ.

ಸರಿ, ಭಾನುವಾರ ಅಂಗಡಿಯಿಂದ ಒಂದೇ ಸೈಜಿನ ಆರು ಕ್ಯಾಂಡಲ್ ತಂದೆ, ಕಡು ನೀಲಿ ಎರಡು, ಕೆಂಪು ಎರಡು, ಬಿಳಿ ಎರಡು. ಡೈನಿಂಗ್ ಟೇಬಲ್ ಮೇಲೆ ಮೂರನ್ನ ಸಾಲಾಗಿ ನಿಲ್ಲಿಸಿ ಹಚ್ಚಿದ್ರೆ ಹತ್ತೇ ನಿಮಿಷಕ್ಕೆ ನೀಲಿದು ಒಂದು ಕಡೆಯಿಂದ ಗೊಳೋ ಅಂತ ಸುರಿಯೋಕೆ ಶುರು. ನಾನು ಗೆದ್ದೆ ಅಂತ ಕುಣಿದೆ. ಅಡುಗೆಮನೆಯಿಂದ ಹೆಂಡತಿ, "ರೀ, ಅದು ಕಿಟಕಿ ಪಕ್ಕದಲ್ಲಿದೆ" ಅಂದ್ಲು. ಜಾಗ ಬದಲಾಯಿಸಿದ್ವಿ, ಈಗ ಬಿಳಿದು ಸುರೀತು. ಗಾಳಿಗೆ ಜ್ವಾಲೆ ಯಾವ ಕಡೆ ವಾಲುತ್ತೋ ಆ ಕಡೆ ಮೇಣ ಕಟ್ಟೆ ಒಡೀತಿತ್ತು, ಬಣ್ಣದ ಪಾತ್ರ ಏನೂ ಇರ್ಲಿಲ್ಲ.

ಅಷ್ಟರಲ್ಲಿ ಮಾವ ಬಂದ್ರು. ರಿಟೈರ್ಡ್ ಹೈಸ್ಕೂಲ್ ಸೈನ್ಸ್ ಮೇಷ್ಟ್ರು, ಮೂವತ್ತು ವರ್ಷ ಪಾಠ ಮಾಡಿದ ಗಂಟಲಿಗೆ ಮನೇಲಿ ಕೆಲಸ ಇಲ್ಲ. "ಅಳಿಯಂದ್ರೇ, ಕಿಟಕಿ ಹಾಕಿ, ಫ್ಯಾನ್ ಆರಿಸಿ, ಮೂರೂ ಬತ್ತಿ ಒಂದೇ ಉದ್ದಕ್ಕೆ ಕತ್ತರಿಸಿ, ಆಮೇಲೆ ತೂಕ ಮಾಡಿ." ದಾವಣಗೆರೆ, ಮಾರ್ಚ್ ತಿಂಗಳು, ಕಿಟಕಿ ಹಾಕಿ ಫ್ಯಾನ್ ಆರಿಸಿ ಮೂರು ಕ್ಯಾಂಡಲ್ ಮುಂದೆ ನಾಲ್ಕು ಜನ ಒಂದು ಗಂಟೆ ಕೂತಿದ್ವಿ, ಕರಗಿದ್ದನ್ನ ತೂಕ ಹಾಕೋದಾದ್ರೆ ಮೊದಲು ನನ್ನನ್ನ ಹಾಕ್ಬೇಕಿತ್ತು. ಅಡುಗೆಮನೆ ತಕ್ಕಡಿ ಪ್ರಕಾರ ಮೂರರಲ್ಲೂ ಆರೇಳು ಗ್ರಾಂ ಕಮ್ಮಿ ಆಗಿತ್ತು, ಅಷ್ಟೇ. ಒಂದು ಗ್ರಾಂ ಹೆಚ್ಚುಕಮ್ಮಿನ ಆ ತಕ್ಕಡಿನೇ ಮಾಡ್ಕೊಳ್ಳುತ್ತೆ.

ಮಾವ ಶುರು ಮಾಡಿದ್ರು. 1860ರ ಕ್ರಿಸ್‌ಮಸ್ ರಜೆಯಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಲ್ಲಿ ಮೈಕೆಲ್ ಫ್ಯಾರಡೆ ಅನ್ನೋ ವಿಜ್ಞಾನಿ ಮಕ್ಕಳನ್ನ ಕೂರಿಸ್ಕೊಂಡು ಬರೀ ಕ್ಯಾಂಡಲ್ ಮೇಲೆ ಆರು ಲೆಕ್ಚರ್ ಕೊಟ್ಟಿದ್ರಂತೆ. ನಮ್ಮನೇಲಿ ಏಳನೇದು ಆಯ್ತು. "ಮೇಣ ಮೇಣವಾಗೇ ಉರಿಯಲ್ಲ ಅಳಿಯಂದ್ರೇ. ಅದು ಕರಗಿ, ಬತ್ತಿ ಹಿಡ್ಕೊಂಡು ಮೇಲೇರಿ, ಆವಿಯಾಗುತ್ತೆ, ಉರಿಯೋದು ಆ ಆವಿ. ಶಾಖ ಬರೋದು ಜ್ವಾಲೆಯಿಂದ, ಮೇಣದ ಬಣ್ಣ ಇಲ್ಲಿ ಯಾರಿಗೆ ಬೇಕು? ಮೇಣಕ್ಕೆ ಸೇರಿಸಿದ ಪುಡಿ ಬಣ್ಣ ಬತ್ತಿಯಲ್ಲಿ ಸಿಕ್ಕಿ ಮೇಣ ಮೇಲೇರೋಕೆ ಅಡ್ಡ ಆದ್ರೆ ಮಾತ್ರ ವ್ಯತ್ಯಾಸ ಆದೀತು." ನಂಗೆ ನಂಬಿಕೆ ಬರ್ಲಿಲ್ಲ ಅಂತ ಮುಖ ನೋಡೇ ತಿಳ್ಕೊಂಡು, ಕ್ಯಾಂಡಲ್ ಆರಿಸಿ, ಮೇಲೇಳೋ ಬಿಳಿ ಹೊಗೆಗೆ ಕಡ್ಡಿ ತೋರಿಸಿದ್ರು, ಬತ್ತಿ ಮುಟ್ಟದೇನೇ ಬೆಂಕಿ ಹೊಗೆಯಲ್ಲಿ ಚಕ್ ಅಂತ ಇಳಿದು ಬತ್ತಿಗೆ ಹತ್ಕೊಳ್ತು. ಮಗಳು ಚಪ್ಪಾಳೆ ಹೊಡೆದ್ಲು. ನಾನೂ ಮಾಡಿ ತೋರಿಸ್ತೀನಿ ಅಂತ ಬಗ್ಗಿ ಉಫ್ ಅಂದು, ತಲೆ ಎತ್ತೋ ಮೊದಲೇ ಕಡ್ಡಿ ಗೀರಿದೆ. ಮೀಸೆಯ ಎಡಭಾಗ ಚರ್ ಅಂತು. ಉಳಿದ ಬಲಭಾಗವನ್ನ ಸೋಮವಾರ ಬೆಳಗ್ಗೆ ನಾನೇ ತೆಗೆದೆ, ಆಫೀಸಲ್ಲಿ ಎಲ್ರೂ ತಿರುಪತಿಗೆ ಹೋಗಿದ್ರಾ ಅಂದ್ರು, ಪ್ರಸಾದ ಎಲ್ಲಿ ಅಂತಾನೂ ಕೇಳಿದ್ರು.

ಕಥೆ ಅಲ್ಲಿಗೆ ಮುಗೀಬೇಕಿತ್ತು. ಆದ್ರೆ ಮಗಳು ಅವತ್ತು ಸ್ಕೂಲಿಗೆ ಒಯ್ಯಬೇಕಿದ್ದ ಬಾಕಿ ಮೂರು ಹೊಸ ಕ್ಯಾಂಡಲ್‌ಗಳನ್ನ ಕಾರಿನ ಡ್ಯಾಶ್‌ಬೋರ್ಡ್ ಮೇಲೇ ಮರೆತು ಇಳಿದಿದ್ಲು, ನಾನು ಮೀಸೆ ಚಿಂತೆಯಲ್ಲಿ ನೋಡ್ಲೇ ಇಲ್ಲ, ಆಫೀಸ್ ಮುಂದೆ ನೆರಳಿಲ್ಲದ ಜಾಗದಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿ ಹೋದೆ. ಸಂಜೆ ಬಾಗಿಲು ತೆಗೆದ್ರೆ ಬಿಳಿದು ಬಾಳೆಹಣ್ಣಿನ ಹಾಗೆ ಬಾಗಿ ಮಲಗಿದೆ, ಕೆಂಪು ಚಪ್ಪಟೆ, ನೀಲಿ ಎಲ್ಲಿದೆ ಅಂತ ಹುಡುಕಿದ್ರೆ ಇಲ್ವೇ ಇಲ್ಲ, ಎಸಿ ಕಿಂಡಿಯೊಳಗೆ ಹೋಗಿ ಗಟ್ಟಿಯಾಗಿ ಕೂತಿದೆ, ಬರೀ ದಾರ ಮಾತ್ರ ಹೊರಗಡೆ ನೇತಾಡ್ತಿದೆ.

ಮೆಕ್ಯಾನಿಕ್ ಟಾರ್ಚ್ ಹಾಕಿ ಒಳಗೆ ನೋಡಿ, ಆಮೇಲೆ ನನ್ನ ಬೋಳು ಮೂತಿ ನೋಡಿ, "ಕಾರಲ್ಲಿ ಏನಾದ್ರೂ ಶಾಂತಿ ಮಾಡ್ಸಿದ್ರಾ ಸಾರ್?" ಅಂದ.

ಮಾವನಿಗೆ ಮಾತ್ರ ಖುಷಿಯೋ ಖುಷಿ. "ನೋಡಿ, ಜ್ವಾಲೆ ಇದ್ದಾಗ ಬಣ್ಣ ಲೆಕ್ಕಕ್ಕಿಲ್ಲ, ಬಿಸಿಲಿದ್ದಾಗ ಗಾಢ ಬಣ್ಣ ಬೆಳಕನ್ನ ಜಾಸ್ತಿ ಹೀರ್ಕೊಂಡು ಬೇಗ ಕರಗುತ್ತೆ, ನೀವು ಹೇಳಿದ್ದು ಅರ್ಧ ಸರಿ." ಅರ್ಧ ಮೀಸೆಗೆ ಅರ್ಧ ಸರಿ. ಹೆಂಡತಿ ರಿಪೇರಿ ಬಿಲ್ ಕೇಳಿದ್ಲು, ಅದು ಪೂರ್ತಿ ಇತ್ತು.

ಮಗಳು ಆಗಲೇ ಪ್ರಾಜೆಕ್ಟಿಗೆ ಎರಡನೇ ಪ್ರಯೋಗ ಅಂತ ಹೊಸ ಪುಟ ಸೇರಿಸಿದ್ಲು. ಬೇಕಾಗುವ ಸಾಮಗ್ರಿಗಳು ಅನ್ನೋದರ ಕೆಳಗೆ ಸ್ಕೆಚ್ ಪೆನ್ನಲ್ಲಿ ದುಂಡಗೆ ಬರೆದಿದ್ಲು: ಕ್ಯಾಂಡಲ್ 3, ಬಿಸಿಲು, ಅಪ್ಪನ ಕಾರು 1.