ಓರೆಯಾಗಿ ಹೊರಟ ಸ್ಟ್ರೈಕರ್

ಕಂಪ್ಯೂಟರ್ ಆಟದಲ್ಲಿ ಒಂದು ವಸ್ತುವನ್ನು ಬಲಕ್ಕೆ ಓಡಿಸುವುದು ಮಕ್ಕಳಾಟ. ಅದರ ಅಡ್ಡ ಸ್ಥಾನ ಹೇಳುವ ಎಕ್ಸ್‌ಗೆ ಐದು ಕೂಡಿಸಿ, ಮತ್ತೆ ಐದು ಕೂಡಿಸಿ, ಅದು ಹೋಗುತ್ತಲೇ ಇರುತ್ತದೆ. ಓರೆಯಾಗಿ ಹೋಗು ಎಂದು ಹೇಳಿ ನೋಡಿ, ಆಗ ಅದರ ನಿಜಬಣ್ಣ ಬಯಲಾಗುತ್ತದೆ.

ಅಣ್ಣನ ಮಗಳು ಪೈಥಾನ್ ಭಾಷೆಯಲ್ಲಿ ಆಟ ಬರೆಯಲು ನೆರವಾಗುವ ಪೈಗೇಮ್ ಹಿಡಿದುಕೊಂಡು ಕೇರಂ ಆಟ ಬರೆಯುತ್ತಿದ್ದಳು. ಬೋರ್ಡು ಸಿದ್ಧವಾಗಿತ್ತು, ಕಾಯಿಗಳು ಬಂದಿದ್ದವು, ಕೆಂಪು ರಾಣಿ ನಡುವೆ ಕುಳಿತಿದ್ದಳು. ಸ್ಟ್ರೈಕರ್ ಮಾತ್ರ ನೇರವಾಗಿ ಬಿಟ್ಟು ಬೇರೆಲ್ಲಿಗೂ ಹೋಗಲೊಲ್ಲದು. "ಚಿಕ್ಕಪ್ಪ, ಇದಕ್ಕೊಂದು ಕೋನ ಹೇಳಿಕೊಡಿ" ಎಂದಳು. ಹೈಸ್ಕೂಲಿನ ಗಣಿತ ಮೇಷ್ಟರಿಗೆ ಇದಕ್ಕಿಂತ ಮರ್ಯಾದೆಯ ಕರೆ ಯಾವುದಿದೆ? ವೇಗವನ್ನು ಕೋನದ ಕಾಸ್‌ನಿಂದ ಗುಣಿಸಿದರೆ ಅಡ್ಡಕ್ಕೆ ಎಷ್ಟು ಎಂದು ಸಿಗುತ್ತದೆ, ಸೈನ್‌ನಿಂದ ಗುಣಿಸಿದರೆ ಮೇಲಕ್ಕೆ ಎಷ್ಟು ಎಂದು ಸಿಗುತ್ತದೆ. ಬರೆಸಿದೆ. ಸೂತ್ರದಲ್ಲಿ ತಪ್ಪಿರಲಿಲ್ಲ, ಈಗಲೂ ಇಲ್ಲ.

ಕೋನ 45 ಎಂದು ಕೊಟ್ಟಳು. ಸ್ಟ್ರೈಕರ್ ಹಿಂದಕ್ಕೆ ತಿರುಗಿ ಆಡುವವರ ಮಡಿಲಿಗೇ ಬಂದು ಬಿತ್ತು. 30 ಕೊಟ್ಟರೆ ಹೆಚ್ಚುಕಡಿಮೆ ನೆಟ್ಟಗೆ ಮೇಲೇರಿತು. 60 ಕೊಟ್ಟರೆ ಎಡಪಕ್ಕದವರ ಮನೆಗೆ ಹೊರಟಿತು. ಸೋಫಾದ ಮೇಲಿದ್ದ ಅಣ್ಣ ಪತ್ರಿಕೆಯ ಮರೆಯಿಂದಲೇ, "ನಿನ್ನ ವಿದ್ಯಾರ್ಥಿಗಳ ಗತಿ ಏನೋ" ಎಂದ.

ಪೈಥಾನಿನ ಸೈನ್, ಕಾಸ್‌ಗಳಿಗೆ ಡಿಗ್ರಿ ಎಂದರೆ ಏನೆಂದೇ ತಿಳಿಯದು. ಅವುಗಳ ಮಾತೆಲ್ಲ ಕೋನದ ಇನ್ನೊಂದು ಅಳತೆಯಾದ ರೇಡಿಯನ್‌ನಲ್ಲಿ, ಒಂದಕ್ಕೆ ಸುಮಾರು 57.3 ಡಿಗ್ರಿ. ನಾವು 45 ಎಂದಾಗ ಅದು 2578 ಡಿಗ್ರಿ ಎಂದುಕೊಂಡು, ಏಳು ಪ್ರದಕ್ಷಿಣೆ ಹಾಕಿ, 58ರ ಆಸುಪಾಸಿಗೆ ಬಂದು ನಿಂತಿತ್ತು. ಅಷ್ಟು ಸುತ್ತುವ ಮೊದಲು "ಸ್ವಾಮಿ, ಇದು ನಿಜವೇ" ಎಂದು ಒಂದು ಮಾತು ಕೇಳಬಾರದಿತ್ತೆ? ವಿಧೇಯರ ಸಹವಾಸವೇ ಕಷ್ಟ.

ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿದೆವು. ಆಟ ಇನ್ನೂ ಕೆಟ್ಟಿತು. ಅಷ್ಟು ಹೊತ್ತು ಮೇಲೇರುತ್ತಿದ್ದ 30 ಕೂಡ ಈಗ ಕೆಳಗಿಳಿಯಿತು. ಪರದೆಯಲ್ಲಿ ಸೊನ್ನೆ ಇರುವುದು ಎಡ ಮೇಲ್ತುದಿಯಲ್ಲಿ, ಕೆಳಗೆ ಹೋದಷ್ಟೂ ವೈ ಹೆಚ್ಚುತ್ತದೆ. ನೆಲಮಾಳಿಗೆಗೆ ಇಳಿದಂತೆ ಮಹಡಿಯ ಸಂಖ್ಯೆ ಏರುವ ಕಟ್ಟಡದ ಹಾಗೆ. ಹಳೆಯ ಪಿಕ್ಚರ್ ಟ್ಯೂಬಿನ ಕಿರಣ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಚಿತ್ರ ಬರೆಯುತ್ತಿತ್ತು. ಟ್ಯೂಬು ಗುಜರಿಗೆ ಹೋಯಿತು, ಲೆಕ್ಕ ಉಳಿಯಿತು. ಸೈನ್‌ನ ಹಿಂದೆ ಒಂದು ಮೈನಸ್ ಇಟ್ಟ ಮೇಲೆ ಸ್ಟ್ರೈಕರ್ ಮನುಷ್ಯರಂತೆ ನಡೆಯಿತು.

ಅಷ್ಟರಲ್ಲಿ ಆರನೇ ತರಗತಿಯ ಅವಳ ತಮ್ಮ ಬಂದು, "ಸೊನ್ನೆ ಡಿಗ್ರಿ ಎಂದರೆ ಮೇಲೆ, 90 ಎಂದರೆ ಬಲಕ್ಕೆ. ಇಷ್ಟೂ ಗೊತ್ತಿಲ್ಲವೇ ಚಿಕ್ಕಪ್ಪ?" ಎಂದ. ಅವನು ಕಲಿಯುತ್ತಿರುವುದು ಸ್ಕ್ರ್ಯಾಚ್, ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಭಾಷೆ. ಅಲ್ಲಿ ಅದೇ ಸರಿ, ದಿಕ್ಸೂಚಿಯಲ್ಲೂ ಅದೇ ಸರಿ. ಸೊನ್ನೆ ಎಂದರೆ ಬಲಕ್ಕೆ ಎನ್ನುವ ಗಣಿತದ ಪಠ್ಯಪುಸ್ತಕ ತೆಗೆದು ತೋರಿಸಿದೆ. ಅವನು ಲ್ಯಾಪ್‌ಟಾಪ್ ತೆಗೆದು ತೋರಿಸಿದ. ಅಂಪೈರ್ ಇರಲಿಲ್ಲ.

ಅವಳ ಹಿಂದಿನ ಆಟದಲ್ಲಿ ಒಂದು ಇಲಿ ಇತ್ತು. ಬಲದ ಬಾಣ, ಮೇಲಿನ ಬಾಣ ಎರಡನ್ನೂ ಒಟ್ಟಿಗೆ ಒತ್ತಿದರೆ ಅದು ನೇರ ಓಟಕ್ಕಿಂತ ಶೇಕಡಾ 41ರಷ್ಟು ಬೇಗ ಓಡುತ್ತಿತ್ತು, ಎರಡೂ ದಿಕ್ಕಿಗೆ ಪೂರ್ತಿ ವೇಗ ಕೊಟ್ಟದ್ದಕ್ಕೆ ಎರಡರ ವರ್ಗಮೂಲ 1.41ರ ಕೃಪೆ. 1993ರ 'ಡೂಮ್' ಆಟದಲ್ಲೂ ಹೀಗೆ ಓರೆಯಾಗಿ ಓಡಿ ವೇಗ ಗಿಟ್ಟಿಸುವವರಿದ್ದಾರೆ. "ಅಡ್ಡದಾರಿ ಹಿಡಿದವರೇ ಮುಂದೆ ಬರುವುದು" ಎಂದ ಅಣ್ಣ; ಪತ್ರಿಕೆ ಇಳಿಸಲಿಲ್ಲ.

ಕೊನೆಯ ತಂಟೆ ವಿಚಿತ್ರವಾಗಿತ್ತು. ಘರ್ಷಣೆ ಸೇರಿಸಿದ ಮೇಲೆ ಸ್ಟ್ರೈಕರ್ ನಿಧಾನವಾಗುತ್ತಾ ಬಂದು, ಬಲಕ್ಕೆ ಸಾಗುವುದನ್ನು ಬಿಟ್ಟು, ಮೇಲಕ್ಕೆ ಮಾತ್ರ ತೆವಳಿಕೊಂಡು ಗೋಡೆ ಸೇರುತ್ತಿತ್ತು. ವಸ್ತು ಎಲ್ಲಿದೆ ಎಂದು ನೆನಪಿಡುವ ಪೈಗೇಮಿನ ಚೌಕಟ್ಟು, ರೆಕ್ಟ್, ಪೂರ್ಣಾಂಕಗಳನ್ನಷ್ಟೇ ಇಟ್ಟುಕೊಳ್ಳುತ್ತದೆ, ದಶಾಂಶವನ್ನು ಕತ್ತರಿಸಿ ಎಸೆಯುತ್ತದೆ. ನೂರಕ್ಕೆ 0.7 ಕೂಡಿಸಿದರೆ ನೂರೇ. ನೂರರಿಂದ 0.7 ಕಳೆದರೆ 99. ಕೊಡುವಾಗ ಚಿಲ್ಲರೆ ಇಲ್ಲ, ಕಸಿಯುವಾಗ ಇಡೀ ರೂಪಾಯಿ. ಸ್ಥಾನವನ್ನು ದಶಾಂಶ ಸಮೇತ ಬೇರೆಯಾಗಿ ಬರೆದಿಟ್ಟುಕೊಂಡು, ಚಿತ್ರ ಬಿಡಿಸುವಾಗ ಮಾತ್ರ ರೆಕ್ಟ್‌ಗೆ ಒಪ್ಪಿಸಿದಳು. ಇದನ್ನು ಕಂಡುಹಿಡಿದದ್ದು ಅವಳೇ, ನಾನು ಆಗ ಕಾಫಿಗೆ ಎದ್ದಿದ್ದೆ.

ವಾಪಸು ಬರುವಷ್ಟರಲ್ಲಿ ಸ್ಟ್ರೈಕರ್ 45 ಡಿಗ್ರಿಯಲ್ಲೇ ಹೊರಟು, ಗೋಡೆಗೆ ಬಡಿದು, ಎಕ್ಸ್ ವೇಗದ ಚಿಹ್ನೆ ಬದಲಿಸಿಕೊಂಡು ಅಚ್ಚುಕಟ್ಟಾಗಿ ಮರಳುತ್ತಿತ್ತು. ಹಾದಿಯಲ್ಲಿದ್ದ ಕಾಯಿಯ ಮೂಲಕವೇ ತೂರಿಕೊಂಡು ಬಂದಿತು, ದೆವ್ವದಂತೆ.

"ಚಿಕ್ಕಪ್ಪ, ತಾಗಿದ ಕಾಯಿ ಯಾವ ಕೋನದಲ್ಲಿ ಹೋಗಬೇಕು?"

"ಅದು ಭೌತಶಾಸ್ತ್ರ" ಎಂದು ಕನ್ನಡಕ ಒರೆಸಿಕೊಂಡೆ.