ಆ ಹುಡುಗ ಕೇಳಿದ್ದು ಬೆರಳಿನ ಶಾಯಿಯ ಬಗ್ಗೆ

ಇವತ್ತು ಬೆಳಿಗ್ಗೆ ಲೈಬ್ರರಿಯಲ್ಲಿ ಕಂಡದ್ದನ್ನು ಬರೆಯದೆ ಹೋದರೆ ರಾತ್ರಿ ನಿದ್ದೆ ಹತ್ತೋದಿಲ್ಲ. ಮಧ್ಯಾಹ್ನದಿಂದ ಮೂರು ಸಲ ಬರೆದು ಅಳಿಸಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಉದ್ದ ಆಗುತ್ತೆ, ದಯವಿಟ್ಟು ಓದಿ.

ಪೇಪರ್ ಮೇಜಿನ ಹತ್ತಿರ ಎಂಟನೇ ಕ್ಲಾಸೋ ಒಂಬತ್ತನೇ ಕ್ಲಾಸೋ ಇರಬಹುದಾದ ಒಬ್ಬ ಹುಡುಗ ಭಾನುವಾರದ ಪುರವಣಿ ಹರಡಿಕೊಂಡು, ಮೊಣಕೈ ಊರಿ, ತುಟಿ ಅಲ್ಲಾಡಿಸುತ್ತ ಓದ್ತಾ ಇದ್ದ. ಒಂದೇ ಪುಟದಲ್ಲಿ ನಾಲ್ಕಾರು ಸಂಗತಿ ಇರುತ್ತಲ್ಲ, ಅಂಥ ಪುಟ. ಆಕ್ಟೋಪಸ್‌ಗೆ ಮೂರು ಹೃದಯ ಅಂತ ಒಂದು ಕಡೆ, ಮತದಾನದ ಶಾಯಿಯ ಬಗ್ಗೆ ಇನ್ನೊಂದು ಕಡೆ. ಓದಿ ಮುಗಿಸಿದವನು ಬಾಗಿಲ ಹತ್ತಿರ ನಿಂತಿದ್ದ ಅಪ್ಪನ ಬಳಿ ಓಡಿ ಹೋಗಿ, 'ಅಪ್ಪಾ, ಓಟಿನ ಶಾಯಿಯಲ್ಲಿ ಬೆಳ್ಳಿ ಇರುತ್ತಂತೆ, ಬಿಸಿಲಿಗೆ ಕಪ್ಪಾಗುತ್ತಂತೆ, ನಿಜಾನಾ?' ಅಂತ ಕೇಳಿದ.

ಅಪ್ಪ ಮೊಬೈಲಿಂದ ತಲೆ ಎತ್ತಿದ್ದು ಇಷ್ಟು ಹೇಳೋಕೆ: 'ಅದೆಲ್ಲ ಪರೀಕ್ಷೆಗೆ ಬರಲ್ಲ. ನಾಳೆ ಟೆಸ್ಟ್ ಇದೆ, ನಡಿ.'

ನಾನು ಎದ್ದು ಹೊರಗೆ ಹೋಗುವಷ್ಟರಲ್ಲಿ ಬೈಕ್ ಸ್ಟಾರ್ಟ್ ಆಗಿತ್ತು. 'ಹೌದು ಮಗಾ, ನಿಜ, ಬೆಳ್ಳಿ ಇರುತ್ತೆ' ಅಂತ ಕೂಗಿ ಹೇಳಿದೆ. ಹಿಂದೆ ಕೂತಿದ್ದವನು ತಿರುಗಿ, 'ಬೆರಳೇ ಇಲ್ಲದೋರಿಗೆ ಎಲ್ಲಿ ಹಚ್ತಾರೆ ಮೇಡಂ?' ಅಂದ. ಉತ್ತರ ಬಾಯಿಗೆ ಬರುವ ಮೊದಲೇ ಬೈಕ್ ತಿರುವು ದಾಟಿತ್ತು.

ಎಂಥಾ ಪ್ರಶ್ನೆ ನೋಡಿ! ಮೂವತ್ತು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡಿದ್ದೇನೆ, ನಿಮಗೆ ಗೊತ್ತು. ಏಳೆಂಟು ಸಲ ಎಲೆಕ್ಷನ್ ಡ್ಯೂಟಿ ಮಾಡಿದ್ದೇನೆ, ಅದೂ ಗೊತ್ತು. ಅಷ್ಟು ವರ್ಷದಲ್ಲಿ ಒಬ್ಬ ಮತದಾರನೂ, ಒಬ್ಬ ಸಹೋದ್ಯೋಗಿಯೂ ನನ್ನನ್ನು ಈ ಪ್ರಶ್ನೆ ಕೇಳಿದ್ದಿಲ್ಲ. ಅರ್ಧ ಪುಟ ಓದಿದ ಹುಡುಗನಿಗೆ ಹೊಳೀತು. ಅವನ ಬಾಯಿ ಮುಚ್ಚಿಸೋಕೆ ಮೂರು ಪದ ಸಾಕಾಯ್ತು.

ಪರೀಕ್ಷೆಗೆ ಬರಲ್ಲ. ಸರಿ, ಬರದೇ ಇರುವ ಆ ವಿಷಯದಲ್ಲಿ ಏನೇನಿದೆ ಅಂತ ನೋಡೋಣ.

ಶಾಯಿಯಲ್ಲಿರೋದು ಸಿಲ್ವರ್ ನೈಟ್ರೇಟ್. ಹಚ್ಚಿದ ತಕ್ಷಣ ನೇರಳೆ ಬಣ್ಣ. ನಮ್ಮ ಚರ್ಮದ ಮೇಲೆ ಬೆವರಿನ ಉಪ್ಪು ಇದ್ದೇ ಇರುತ್ತೆ, ಅದರ ಜೊತೆ ಸೇರಿ ಸಿಲ್ವರ್ ಕ್ಲೋರೈಡ್ ಆಗುತ್ತೆ. ಅದಕ್ಕೆ ಬೆಳಕು ಬಿದ್ದರೆ ಬೆಳ್ಳಿಯ ಅತಿ ಸಣ್ಣ ಕಣಗಳು ಬೇರೆಯಾಗಿ ಕಪ್ಪಗೆ ಕಾಣುತ್ತವೆ. ಹಳೇ ಕಾಲದ ಫೋಟೋ ಮೂಡುತ್ತಿದ್ದದ್ದೂ ಬೆಳ್ಳಿಯ ಲವಣ ಬೆಳಕಿಗೆ ಹೀಗೆ ಕಪ್ಪಾಗುವುದರಿಂದಲೇ. ಅಂದರೆ ನಿಮ್ಮ ತಾತನ ಮದುವೆ ಫೋಟೋದಲ್ಲಿರುವ ಕಪ್ಪು, ನಿಮ್ಮ ಬೆರಳ ಮೇಲಿನ ಕಪ್ಪು ಎರಡೂ ಬೆಳ್ಳಿಯದೇ. ಸೋಪು ಹಾಕಿ ಉಜ್ಜಿದರೆ ಹೋಗಲ್ಲ, ಯಾಕಂದರೆ ಅದು ಚರ್ಮದ ಮೇಲೆ ಬಳಿದ ಬಣ್ಣವಾಗಿ ಉಳಿದಿರೋದಿಲ್ಲ, ಮೇಲ್ಪದರದ ಒಳಗೇ ಇಳಿದಿರುತ್ತೆ. ಆ ಪದರ ಸವೆದು ಉದುರಿದಾಗಲೇ ಅದೂ ಹೋಗೋದು. ಉಗುರಿನ ಮೇಲೆ ಬಿದ್ದದ್ದು ಉಗುರು ಬೆಳೆದು ಕತ್ತರಿಸುವವರೆಗೆ, ತಿಂಗಳುಗಟ್ಟಲೆ ಇರುತ್ತೆ.

ಈ ಶಾಯಿ ತಯಾರಾಗೋದು ನಮ್ಮ ಮೈಸೂರಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಅಂತ ಶುರುವಾದದ್ದು ಈಗ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್, ರಾಜ್ಯ ಸರ್ಕಾರದ ಕಂಪನಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ರೂಪಿಸಿದ ಶಾಯಿಯನ್ನು 1962ರ ಮಹಾ ಚುನಾವಣೆಯಿಂದ ದೇಶಕ್ಕೆಲ್ಲ ಪೂರೈಸ್ತಾ ಬಂದಿದೆ. ಹೊರದೇಶಗಳಿಗೂ ಹೋಗುತ್ತೆ. 10 ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಜನರ ಬೆರಳಿಗೆ ಬರುತ್ತೆ. ಅಳಿಸಲಾಗದ ಶಾಯಿ ಅನ್ನೋದೇ 1962ರಲ್ಲಿ ಶುರುವಾಯ್ತು ಅಂತ ವಾಟ್ಸ್ಯಾಪಲ್ಲಿ ಓಡಾಡ್ತಾ ಇರುತ್ತೆ, ಅದು ತಪ್ಪು. 1951-52ರ ಮೊದಲ ಚುನಾವಣೆಯಲ್ಲೇ ಬೆರಳಿಗೆ ಗುರುತು ಹಾಕಿದ್ದರು.

ಆ ಮೊದಲ ಚುನಾವಣೆಯ ಇನ್ನೊಂದು ಸಂಗತಿ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತುಬಿಟ್ಟಿದ್ದೆ. ಪಟ್ಟಿ ಮಾಡೋಕೆ ಮನೆ ಮನೆಗೆ ಹೋದಾಗ ಉತ್ತರದ ರಾಜ್ಯಗಳಲ್ಲಿ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. 'ಇಂಥವರ ಹೆಂಡತಿ', 'ಇಂಥವರ ತಾಯಿ' ಅಂತ ಬರೆಸಿದರು. ಸ್ವಂತ ಹೆಸರಿಲ್ಲದ ನಮೂದು ಇಟ್ಟುಕೊಳ್ಳೋದಿಲ್ಲ ಅಂತ ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ನಿಲುವು ತಗೊಂಡರು. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಹೆಸರು ಹೇಳದ್ದಕ್ಕೆ ಓಟೇ ಹೋಯಿತು. ಬೆರಳಿನ ಗುರುತಿನ ಬಗ್ಗೆ ಕೇಳಿದ ಹುಡುಗನಿಗೆ ಇನ್ನೂ ಎರಡು ಪುಟ ಓದೋಕೆ ಬಿಟ್ಟಿದ್ದರೆ ಇಲ್ಲಿಗೇ ಬರ್ತಿದ್ದ. ರಸಾಯನಶಾಸ್ತ್ರದಿಂದ ಹೊರಟು ಇತಿಹಾಸಕ್ಕೆ, ಅಲ್ಲಿಂದ ತನ್ನ ಅಜ್ಜಿಯ ಹೆಸರು ಪಟ್ಟಿಯಲ್ಲಿ ಹೇಗಿತ್ತು ಅನ್ನೋ ಪ್ರಶ್ನೆಗೆ.

ಇನ್ನು ಎಲೆಕ್ಷನ್ ಡ್ಯೂಟಿ. ಎರಡನೇ ಮತಗಟ್ಟೆ ಅಧಿಕಾರಿಯಾಗಿ ಶಾಯಿ ಹಚ್ಚುವ ಕೆಲಸ ನಾನು ಮಾಡಿದ್ದೇನೆ. ಸೀಸೆ ಉರುಳಬಾರದು ಅಂತ ಒಂದು ಖಾಲಿ ಡಬ್ಬಿಯಲ್ಲಿ ಮರಳು ತುಂಬಿ ಅದರಲ್ಲಿ ಹೂತಿಡಬೇಕು. ಬೆರಳಿಗೆ ಎಣ್ಣೆ ಸವರಿಕೊಂಡು ಬರುವವರು ಇರ್ತಾರೆ, ಅವರ ಬೆರಳು ಒರೆಸೋಕೆ ಬಟ್ಟೆ ಚೂರು ಇಟ್ಟುಕೊಳ್ಳಬೇಕು. ಮೊದಲು ಶಾಯಿ, ಆಮೇಲೆ ಸಹಿ. ಸಹಿ ಮಾಡಿ ಓಟು ಹಾಕಿ ಹೊರಡುವಷ್ಟರಲ್ಲಿ ಒಣಗಲಿ ಅಂತ ಆ ಕ್ರಮ. ಮರುಮತದಾನ ಆದರೆ ತೋರುಬೆರಳಲ್ಲಿ ಹಳೇ ಗುರುತು ಇರುತ್ತಲ್ಲ, ಆಗ ಮಧ್ಯದ ಬೆರಳು. 2016ರಲ್ಲಿ ನೋಟು ರದ್ದಾದಾಗ ಬ್ಯಾಂಕುಗಳಲ್ಲಿ ನೋಟು ಬದಲಾಯಿಸಿಕೊಂಡವರ ಬಲಗೈ ಬೆರಳಿಗೂ ಇದೇ ಶಾಯಿ ಹಚ್ಚಿದರು, ಉಪಚುನಾವಣೆ ಹತ್ತಿರ ಇದೆ ಗೊಂದಲ ಆಗುತ್ತೆ ಅಂತ ಚುನಾವಣಾ ಆಯೋಗ ಪತ್ರ ಬರೀಬೇಕಾಯ್ತು. ಅಫ್ಘಾನಿಸ್ತಾನದಲ್ಲಿ 2004ರ ಅಧ್ಯಕ್ಷ ಚುನಾವಣೆಯ ದಿನ ಕೆಲವು ಮತಗಟ್ಟೆಗಳಲ್ಲಿ ಬೆರಳ ಗುರುತು ತೊಳೆದರೆ ಹೋಗ್ತಿತ್ತು. ಅಷ್ಟಕ್ಕೇ ಹಮೀದ್ ಕರ್ಜೈ ಎದುರು ನಿಂತಿದ್ದ 15 ಜನ ಮತದಾನ ನಡೆಯುತ್ತಿದ್ದಾಗಲೇ ಬಹಿಷ್ಕಾರ ಘೋಷಿಸಿದರು. ಒಂದು ಹನಿ ಶಾಯಿ ನಿಲ್ಲದೆ ಹೋದರೆ ಒಂದು ದೇಶದ ಚುನಾವಣೆ ಅಲ್ಲಾಡುತ್ತೆ.

ಇಷ್ಟೂ ಪರೀಕ್ಷೆಗೆ ಬರಲ್ಲ.

ಸ್ಟಾಫ್ ರೂಮಿನ ಹಳೇ ಗೆಳತಿಗೆ ಫೋನಲ್ಲಿ ಇದನ್ನೆಲ್ಲ ಹೇಳಿಕೊಂಡೆ. 'ಪಾಪ, ಆ ಅಪ್ಪನಿಗೆ ಏನು ಕಷ್ಟವೋ. ಮಗ ನಾಲ್ಕು ಅಂಕ ಹೆಚ್ಚು ತಗೊಂಡು ಒಳ್ಳೇ ಕಾಲೇಜಲ್ಲಿ ಸೀಟು ಹಿಡಿದರೆ ಸಾಕು ಅನ್ನೋ ಮನೆ ಇರಬೇಕು. ಹೊಟ್ಟೆ ತುಂಬಿದೋರ ಮಾತು ಆಡಬೇಡ' ಅಂದಳು. ಅಂಕದ ಬೆಲೆ ನನಗೆ ಗೊತ್ತು. ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊತ್ತು ನನ್ನನ್ನು ಓದಿಸಿದವರು, ಅಂಕ ಇಲ್ಲದಿದ್ದರೆ ನನಗೆ ಕೆಲಸವೇ ಸಿಗ್ತಿರಲಿಲ್ಲ. ಆದರೆ 'ಹೌದು ಕಣೋ, ನಿಜ ಇರಬೇಕು, ನಾಳೆ ನಿಮ್ಮ ಮೇಷ್ಟ್ರನ್ನ ಕೇಳು' ಅನ್ನೋಕೆ ಎಷ್ಟು ಹೊತ್ತು ಬೇಕು? ಆ ಉತ್ತರಕ್ಕೆ ಯಾವ ಅಂಕ ಕಮ್ಮಿ ಆಗ್ತಿತ್ತು? ಬಡತನಕ್ಕೂ ಈ ಮಾತಿಗೂ ಗಂಟು ಹಾಕೋದನ್ನ ನಾನು ಒಪ್ಪಲ್ಲ. ಅಕ್ಷರ ಬಾರದ ನಮ್ಮಪ್ಪ ಬೆಲ್ಲ ಕಟ್ಟಿಕೊಂಡು ಬಂದ ಪೇಪರನ್ನು ಬಿಡಿಸಿ, ಕೈಯಲ್ಲಿ ಸವರಿ ಸಪಾಟು ಮಾಡಿ, 'ಇದರಲ್ಲಿ ಏನು ಬರೆದವ್ರೆ ಓದವ್ವಾ' ಅಂತ ಕೂರ್ತಿದ್ದರು. ಬೆಲ್ಲ ಅಂಟಿದ ಕಡೆ ಅಕ್ಷರ ಹೋಗಿದ್ದರೆ, ಅಲ್ಲಿ ಏನಿದ್ದಿರಬಹುದು ಅಂತ ಇಬ್ಬರೂ ಊಹೆ ಮಾಡ್ತಿದ್ದೆವು. ನಾನು ವಿಜ್ಞಾನ ಓದಿದ್ದರ ಬೇರು ಅಲ್ಲಿದೆ.

ಕನ್ನಡದಲ್ಲಿ ಇಂಥ ಓದಿಗಾಗಿಯೇ ದುಡಿದವರಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲೇ 'ವಿಜ್ಞಾನ' ಅಂತ ಕನ್ನಡ ಮಾಸಪತ್ರಿಕೆ ತಂದರು. ಶಿವರಾಮ ಕಾರಂತರು ಮಕ್ಕಳಿಗೆ 'ಬಾಲಪ್ರಪಂಚ'ವನ್ನು ಮೂರು ಸಂಪುಟ ಬರೆದರು. ಯಾವ ಪರೀಕ್ಷೆ ಇತ್ತು ಅದಕ್ಕೆ? ಮಗು ಕೇಳಿದರೆ ಉತ್ತರ ಕನ್ನಡದಲ್ಲಿ ಸಿಗಲಿ ಅಂತ ಅಷ್ಟು ಕಷ್ಟಪಟ್ಟರು. ಇವತ್ತು ಬರಹ ಇದೆ, ಪೇಪರಿದೆ, ಲೈಬ್ರರಿಯಲ್ಲಿ ಕುರ್ಚಿಯೂ ಖಾಲಿ ಇದೆ. ಕೇಳಿದ ಮಗುವನ್ನು ನಾವೇ ಎಬ್ಬಿಸಿಕೊಂಡು ಹೋಗ್ತೀವಿ.

ಈಗ ಹೇಳಲೇಬೇಕಾದ ಒಂದು ಮಾತು. ಇದಕ್ಕೋಸ್ಕರವೇ ಮೂರು ಸಲ ಬರೆದು ಅಳಿಸಿದ್ದು.

1999ರ ಚುನಾವಣೆ ಮುಗಿದು ಎರಡು ಮೂರು ವಾರ ಆಗಿತ್ತು. ಆಗ ತಿಪಟೂರು ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿದ್ದೆ. ಒಂಬತ್ತನೇ ಕ್ಲಾಸಲ್ಲಿ ನಾನು ಬೋರ್ಡಿನ ಮೇಲೆ ಬರೀತಿದ್ದಾಗ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. ಕಣ್ಣು ನನ್ನ ಎಡಗೈ ಮೇಲೆ. 'ಮಿಸ್, ನಿಮ್ಮ ಬೆರಳಿನ ಗುರುತು ಹಂಗೇ ಐತೆ, ನಮ್ಮವ್ವಂದು ಚರ್ಮದ ಮ್ಯಾಲಿಂದೆಲ್ಲ ಆಗ್ಲೇ ಹೋಯ್ತು, ಯಾಕೆ ಮಿಸ್?' ಅಂದಳು.

'ಅದು ಸಿಲಬಸ್‌ನಲ್ಲಿ ಇಲ್ಲ, ಕೂತ್ಕೋ' ಅಂದೆ. ನಾನೇ ಅಂದದ್ದು. ಪೋರ್ಷನ್ ಮುಗಿದಿರಲಿಲ್ಲ, ಅರ್ಧವಾರ್ಷಿಕ ಪರೀಕ್ಷೆ ತಲೆ ಮೇಲಿತ್ತು. ಕೂತಳು. ಹತ್ತನೇ ಕ್ಲಾಸ್ ಮುಗಿಸಿ ಹೋಗುವವರೆಗೆ ಅವಳು ನನ್ನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಅದನ್ನು ನಾನು ಗಮನಿಸಲೂ ಇಲ್ಲ. ಎಷ್ಟೋ ವರ್ಷ ಆದಮೇಲೆ, ಶಾಯಿ ಚರ್ಮದ ಪದರದ ಜೊತೆಗೇ ಸವೆದು ಹೋಗುತ್ತೆ ಅಂತ ಒಂದು ಲೇಖನದಲ್ಲಿ ಓದ್ತಾ ಇದ್ದಾಗ ಧಕ್ ಅಂತ ನೆನಪಾಯಿತು. ಆ ಹುಡುಗಿಯ ತಾಯಿ ತೆಂಗಿನ ನಾರು ಹೊಸೆದು ಹಗ್ಗ ಮಾಡುವವರು. ದಿನವಿಡೀ ನಾರು ಕೈಬೆರಳುಗಳ ನಡುವೆ ಉಜ್ಜಿ ಉಜ್ಜಿ ಚರ್ಮ ಸವೆಯುತ್ತೆ. ನನ್ನ ಬೆರಳು ಸೀಮೆಸುಣ್ಣ ಹಿಡಿಯೋ ಬೆರಳು, ಅದೂ ಎಡಗೈದು, ಸುಮ್ಮನೆ ಪಠ್ಯಪುಸ್ತಕ ಹಿಡಿದುಕೊಂಡಿರೋದು. ಒಂದೇ ದಿನ ಒಂದೇ ಶಾಯಿ ಹಚ್ಚಿಸಿಕೊಂಡ ಇಬ್ಬರು ಹೆಂಗಸರ ಬೆರಳಲ್ಲಿ ಇದ್ದ ವ್ಯತ್ಯಾಸ ಆ ಹುಡುಗಿಗೆ ಕಂಡಿತ್ತು. ನಾನು ಮೂವತ್ತು ವರ್ಷದಲ್ಲಿ ಮಾಡಬಹುದಾಗಿದ್ದ ಅತ್ಯುತ್ತಮ ಪಾಠ ಅವತ್ತು ಎದ್ದು ನಿಂತಿತ್ತು, ನಾನು ಅದನ್ನು ಕೂರಿಸಿದೆ.

ಹಾಗಾಗಿ ಆ ಅಪ್ಪನ ಮೇಲೆ ಬಂದ ಸಿಟ್ಟಿನಲ್ಲಿ ನನ್ನ ಪಾಲೂ ಇದೆ. ಆ ಮಾತು ನನ್ನಂಥವರ ಬಾಯಿಂದಲೇ ಮನೆಗಳಿಗೆ ಹೋಗಿದ್ದು. ಮೇಷ್ಟ್ರುಗಳಾಗಿರುವ ಗೆಳೆಯರು ಇದನ್ನು ಓದ್ತಾ ಇದ್ದರೆ ಕೈಮುಗಿದು ಕೇಳ್ತೀನಿ, ಆ ಮಾತು ಬಾಯಿಗೆ ಬಂದರೂ ನುಂಗಿಬಿಡಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ನಾಳೆ ಹುಡುಕೋಣ ಅನ್ನಿ.

ಬೆಳಗಿನ ಹುಡುಗನ ಹೆಸರು ನನಗೆ ಗೊತ್ತಿಲ್ಲ. ನೀಲಿ ಗೆರೆಯ ಟೀ ಶರ್ಟು, ಕೈಯಲ್ಲಿ ಗಣಿತದ ನೋಟ್‌ಬುಕ್ಕು. ಮುಂದಿನ ಭಾನುವಾರ ಅದೇ ಮೇಜಿನ ಹತ್ತಿರ ಕೂತಿರ್ತೀನಿ. ಬರದೇ ಹೋದರೆ ಅಂತ ಉತ್ತರ ಇಲ್ಲೇ ಬರೆದಿಟ್ಟಿದ್ದೇನೆ.

ಮಗಾ, ನೀನು ಕೇಳಿದ್ದು 1961ರ ಚುನಾವಣಾ ನಿಯಮಗಳಲ್ಲಿ ಇದೆ. ನಿನಗಿಂತ ಮೊದಲೇ ಯಾರೋ ಈ ಪ್ರಶ್ನೆ ಕೇಳಿಕೊಂಡಿದ್ದಾರೆ. ಎಡಗೈ ತೋರುಬೆರಳು ಇಲ್ಲದವರಿಗೆ ಆ ಕೈಯ ಬೇರೆ ಯಾವುದಾದರೂ ಬೆರಳಿಗೆ ಹಚ್ಚಬೇಕು. ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈ ತೋರುಬೆರಳಿಗೆ, ಅದೂ ಇಲ್ಲದಿದ್ದರೆ ಬಲಗೈಯ ಇನ್ನೊಂದು ಬೆರಳಿಗೆ. ಎರಡೂ ಕೈಯಲ್ಲಿ ಒಂದು ಬೆರಳೂ ಇಲ್ಲದಿದ್ದರೆ, ಎಡ ತೋಳೋ ಬಲ ತೋಳೋ, ಅವರಿಗೆ ಎಷ್ಟು ಇದೆಯೋ ಅದರ ತುದಿಗೆ.